ತೈಲ ಎಷ್ಟು ವರ್ಷ ಬಂದೀತು ಎಂಬ ತಪ್ಪು ಪ್ರಶ್ನೆ

ಪೆಟ್ರೋಲ್ ದರ ಏರಿದಾಗಲೆಲ್ಲ ಒಂದು ಹಳೆಯ ಪ್ರಶ್ನೆ ಮತ್ತೆ ತಲೆ ಎತ್ತುತ್ತದೆ: ಭೂಮಿಯ ಒಡಲಲ್ಲಿರುವ ತೈಲ ಇನ್ನೆಷ್ಟು ವರ್ಷ ಬಂದೀತು? ಶಾಲೆಯ ಪ್ರಬಂಧಗಳಿಂದ ಹಿಡಿದು ತಜ್ಞರ ವಿಚಾರಸಂಕಿರಣಗಳವರೆಗೆ ಇದಕ್ಕೆ ಸಿದ್ಧ ಉತ್ತರವೊಂದು ದೊರೆಯುತ್ತದೆ. ತೈಲ ಉದ್ಯಮ ಬಹುಕಾಲ ಆಧಾರವಾಗಿ ಬಳಸುತ್ತ ಬಂದ ಬಿಪಿ ಕಂಪೆನಿಯ ವಾರ್ಷಿಕ ಅಂಕಿಅಂಶಗಳ ಪ್ರಕಾರ, 2020ರ ಕೊನೆಯಲ್ಲಿ ಜಗತ್ತಿನ ‘ಖಚಿತ ನಿಕ್ಷೇಪ’ ಸುಮಾರು 1.73 ಲಕ್ಷ ಕೋಟಿ ಬ್ಯಾರೆಲ್. ಅದನ್ನು ಆ ವರ್ಷದ ಉತ್ಪಾದನೆಯಿಂದ ಭಾಗಿಸಿದರೆ 50 ವರ್ಷಕ್ಕೆ ತುಸು ಮೇಲೆ. ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು.

ಆದರೆ ಇದೇ ಲೆಕ್ಕವನ್ನು 1980ರ ಅಂಕಿಗಳಿಗೆ ಅನ್ವಯಿಸಿ ನೋಡಿ. ಆಗ ಜಗತ್ತಿನ ಖಚಿತ ನಿಕ್ಷೇಪ ಸುಮಾರು 68,000 ಕೋಟಿ ಬ್ಯಾರೆಲ್. ಅಂದಿನ ವೇಗದಲ್ಲಿ ಅದು ಬರಬೇಕಾಗಿದ್ದುದು ಬರೀ 30 ವರ್ಷ. ಅಂದರೆ 2010ರ ಸುಮಾರಿಗೆ ತೈಲಬಾವಿಗಳು ಬತ್ತಿಹೋಗಬೇಕಿತ್ತು. ಹಾಗಾಗಲಿಲ್ಲ. 1980ರಿಂದ 2020ರವರೆಗಿನ 40 ವರ್ಷಗಳಲ್ಲಿ ಮನುಕುಲ ಒಂದು ಲಕ್ಷ ಕೋಟಿ ಬ್ಯಾರೆಲ್‌ಗೂ ಹೆಚ್ಚು ತೈಲವನ್ನು ಹೀರಿ ಸುಟ್ಟಿದೆ. ಇದು 1980ರಲ್ಲಿ ‘ಇದ್ದ’ ತೈಲಕ್ಕಿಂತಲೂ ಹೆಚ್ಚು. ಹಾಗಿದ್ದೂ ಉಳಿದಿರುವುದು ಮೊದಲಿಗಿಂತ ಎರಡೂವರೆ ಪಟ್ಟು! ಖರ್ಚು ಮಾಡಿದಷ್ಟೂ ಬೆಳೆಯುವ ಈ ಅಕ್ಷಯಪಾತ್ರೆಯ ರಹಸ್ಯವನ್ನು ಅರಿಯದೆ ತೈಲದ ರಾಜಕೀಯವಾಗಲೀ ಅರ್ಥಶಾಸ್ತ್ರವಾಗಲೀ ಅರ್ಥವಾಗುವುದಿಲ್ಲ.

ರಹಸ್ಯ ಅಡಗಿರುವುದು ‘ಖಚಿತ ನಿಕ್ಷೇಪ’ ಎಂಬ ಪದದಲ್ಲಿಯೇ. ಅದು ಕಣಜದಲ್ಲಿ ಅಳೆದು ತುಂಬಿಟ್ಟ ಭತ್ತವಲ್ಲ. ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವ ವ್ಯಾಪಾರಿ ಮರದ ಮೇಲಿನ ಕೊನೆಗಳನ್ನು ನೋಡಿ ಕಟ್ಟುವ ಅಂದಾಜಿನಂಥದ್ದು. ಇಂದಿನ ದರದಲ್ಲಿ, ಇಂದಿನ ತಂತ್ರಜ್ಞಾನದಲ್ಲಿ, ನಷ್ಟವಿಲ್ಲದೆ ಮೇಲೆತ್ತಬಹುದಾದ ತೈಲವಷ್ಟೇ ಈ ಲೆಕ್ಕಕ್ಕೆ ಬರುತ್ತದೆ. ದರ ಏರಿದರೆ ನಿನ್ನೆಯವರೆಗೆ ನಿಷ್ಪ್ರಯೋಜಕವಾಗಿದ್ದ ಬಾವಿ ಇಂದು ನಿಕ್ಷೇಪವಾಗುತ್ತದೆ. ದರ ಇಳಿದರೆ ಅದೇ ಬಾವಿ ಪಟ್ಟಿಯಿಂದ ಜಾರಿಹೋಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಡಾಂಬರಿನಂಥ ಮರಳು ಬಹುಕಾಲ ಯಾರಿಗೂ ಬೇಡವಾಗಿತ್ತು. ಇಂದು ಅದರ ಬಲದಿಂದಲೇ ಕೆನಡಾ ನಿಕ್ಷೇಪಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿದೆ.

ಅಂದಾಜಿನ ರಾಜಕೀಯ

ಭೂವಿಜ್ಞಾನ ಮತ್ತು ಮಾರುಕಟ್ಟೆಯ ಜೊತೆಗೆ ಮೂರನೆಯದೊಂದು ಶಕ್ತಿಯೂ ಈ ಅಂಕಿಗಳನ್ನು ರೂಪಿಸುತ್ತದೆ. ಅದು ರಾಜಕೀಯ. 1980ರ ದಶಕದಲ್ಲಿ ಒಪೆಕ್ ರಾಷ್ಟ್ರಗಳ ನಡುವೆ ಉತ್ಪಾದನೆಯ ಕೋಟಾ ಹಂಚಿಕೆಯ ಜಗಳ ನಡೆಯುತ್ತಿದ್ದ ಕಾಲದಲ್ಲಿ, ಯಾರ ನೆಲದಡಿ ಎಷ್ಟು ತೈಲವಿದೆ ಎಂಬುದೂ ಚೌಕಾಸಿಯ ವಿಷಯವಾಯಿತು. 1984ರ ಸುಮಾರಿಗೆ ಕುವೈತ್ ತನ್ನ ನಿಕ್ಷೇಪವನ್ನು 6,700 ಕೋಟಿ ಬ್ಯಾರೆಲ್‌ನಿಂದ 9,000 ಕೋಟಿಗೂ ಮೇಲಕ್ಕೆ ಏರಿಸಿತು. ಬೆನ್ನಲ್ಲೇ ಸಂಯುಕ್ತ ಅರಬ್ ಎಮಿರೇಟ್ಸ್‌ನ ಅಂಕಿ ಸುಮಾರು ಮೂರು ಪಟ್ಟಾಯಿತು. ಇರಾನ್, ಇರಾಕ್, ವೆನೆಜುವೆಲಾ ಹಿಂದೆ ಬೀಳಲಿಲ್ಲ. ದಶಕದ ಕೊನೆಗೆ ಸೌದಿ ಅರೇಬಿಯ 17,000 ಕೋಟಿಯಿಂದ 25,000 ಕೋಟಿಯಾಚೆಗೆ ಜಿಗಿಯಿತು. ಇದಕ್ಕೆ ತಕ್ಕ ದೊಡ್ಡ ಶೋಧಗಳೇನೂ ಆ ವರ್ಷಗಳಲ್ಲಿ ನಡೆದಿರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಬ್ಯಾರೆಲ್ ಹೊರತೆಗೆದರೂ ಸೌದಿಯ ಅಂಕಿ ಹೆಚ್ಚುಕಡಿಮೆ ಅಲುಗದೆ ನಿಂತಿತು.

ಹಾಗೆಂದು ಈ ಅಂಕಿಗಳೆಲ್ಲ ಕಟ್ಟುಕಥೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೊಲ್ಲಿ ರಾಷ್ಟ್ರಗಳು ಪಾಶ್ಚಾತ್ಯ ಕಂಪೆನಿಗಳ ಕೈಯಲ್ಲಿದ್ದಾಗ ನಿಕ್ಷೇಪವನ್ನು ಕಡಿಮೆ ತೋರಿಸಲಾಗುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. ಸೌದಿಯ ಸರ್ಕಾರಿ ಕಂಪೆನಿ ಅರಾಮ್ಕೊ ಷೇರು ಮಾರಾಟಕ್ಕೆ ಸಜ್ಜಾಗುತ್ತಿದ್ದ 2019ರಲ್ಲಿ ಪ್ರಕಟವಾದ ಸ್ವತಂತ್ರ ತಪಾಸಣೆಯು ಅದರ ಅಂಕಿಯನ್ನು ಒಟ್ಟಾರೆ ಎತ್ತಿಹಿಡಿಯಿತು. ಅದೇ ವರ್ಷ ಬಹಿರಂಗವಾದ ದಾಖಲೆಗಳಿಂದ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರವಾದ ಘವಾರ್‌ನ ಗರಿಷ್ಠ ಸಾಮರ್ಥ್ಯ ದಿನಕ್ಕೆ 38 ಲಕ್ಷ ಬ್ಯಾರೆಲ್ ಎಂಬುದೂ ತಿಳಿದುಬಂತು. ಹಲವರು ನಂಬಿದ್ದುದಕ್ಕಿಂತ ಇದು ಗಣನೀಯವಾಗಿ ಕಡಿಮೆ. ಒಟ್ಟು ಅಂಕಿ ಸರಿ, ಒಳಗಿನ ಕಥೆ ಬೇರೆ.

ಖಾಸಗಿ ಕಂಪೆನಿಗಳ ಲೆಕ್ಕವೂ ಶುದ್ಧವೆಂದು ಭಾವಿಸಬೇಕಿಲ್ಲ. 2004ರ ಜನವರಿಯಲ್ಲಿ ರಾಯಲ್ ಡಚ್ ಶೆಲ್ ಕಂಪೆನಿ ತನ್ನ ಖಚಿತ ನಿಕ್ಷೇಪದಲ್ಲಿ ಶೇ 20ರಷ್ಟನ್ನು ಒಂದೇ ಏಟಿಗೆ ಪುಸ್ತಕದಿಂದ ತೆಗೆದುಹಾಕಬೇಕಾಯಿತು. ಎರಡು ತಿಂಗಳೊಳಗೆ ಅದರ ಅಧ್ಯಕ್ಷ ಫಿಲಿಪ್ ವಾಟ್ಸ್ ಹುದ್ದೆ ತೊರೆದರು. ಷೇರುದಾರರ ಕಾವಲಿರುವ ಕಂಪೆನಿಯ ಸ್ಥಿತಿಯೇ ಹೀಗಾದರೆ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ರಾಜಮನೆತನಗಳ ಅಂಕಿಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಗ್ರಹ ಬೇರೆ, ಹರಿವು ಬೇರೆ

ನೆಲದಡಿ ತೈಲವಿದ್ದ ಮಾತ್ರಕ್ಕೆ ಅದು ನಮ್ಮ ವಾಹನದ ಟ್ಯಾಂಕಿಗೆ ಬಂದು ಬೀಳುವುದಿಲ್ಲ. ವೆನೆಜುವೆಲಾ ಮತ್ತು ಅಮೆರಿಕದ ಉದಾಹರಣೆ ಇದಕ್ಕೆ ಸಾಕು. ವೆನೆಜುವೆಲಾದ ಘೋಷಿತ ನಿಕ್ಷೇಪ 30,000 ಕೋಟಿ ಬ್ಯಾರೆಲ್, ಜಗತ್ತಿನಲ್ಲಿಯೇ ಮೊದಲ ಸ್ಥಾನ. ಆದರೆ ಅದರ ಬಹುಪಾಲು ಒರಿನೊಕೊ ಪ್ರದೇಶದ ಜೇಡಿಯಂಥ ಭಾರೀ ತೈಲ. ಅದನ್ನು ತೆಳುಗೊಳಿಸಿ ಮೇಲೆತ್ತಲು ಹಣ, ತಂತ್ರಜ್ಞಾನ, ನುರಿತ ಜನ ಎಲ್ಲವೂ ಬೇಕು. ದುರಾಡಳಿತ ಮತ್ತು ಆರ್ಥಿಕ ದಿಗ್ಬಂಧನಗಳ ನಡುವೆ ಆ ದೇಶದ ಉತ್ಪಾದನೆ 1990ರ ದಶಕದ ಕೊನೆಯ ದಿನಕ್ಕೆ 30 ಲಕ್ಷ ಬ್ಯಾರೆಲ್‌ನಿಂದ 2020ರಲ್ಲಿ ಹತ್ತು ಲಕ್ಷಕ್ಕಿಂತ ಎಷ್ಟೋ ಕೆಳಕ್ಕೆ ಕುಸಿಯಿತು. ಅದರ ಕಾಲುಭಾಗದಷ್ಟೂ ನಿಕ್ಷೇಪವಿಲ್ಲದ ಅಮೆರಿಕ 2023ರಲ್ಲಿ ದಿನಕ್ಕೆ ಸುಮಾರು 1.29 ಕೋಟಿ ಬ್ಯಾರೆಲ್ ತೆಗೆದು ಜಗತ್ತಿನ ಅತಿ ದೊಡ್ಡ ಉತ್ಪಾದಕನಾಯಿತು. ಕೆರೆಯ ವಿಸ್ತಾರ ಎಷ್ಟಿದ್ದರೇನು, ತೂಬಿನ ಗಾತ್ರವೇ ಗದ್ದೆಗೆ ಹರಿಯುವ ನೀರನ್ನು ನಿರ್ಧರಿಸುವುದು.

ಈ ‘ಹರಿವಿನ’ ಸತ್ಯವನ್ನು ಮೊದಲು ಗಣಿತದ ಭಾಷೆಯಲ್ಲಿ ಹೇಳಿದವರು ಅಮೆರಿಕದ ಭೂವಿಜ್ಞಾನಿ ಎಂ. ಕಿಂಗ್ ಹಬರ್ಟ್. ಯಾವುದೇ ತೈಲಪ್ರದೇಶದ ಉತ್ಪಾದನೆ ಗಂಟೆಯಾಕಾರದ ರೇಖೆಯಂತೆ ಏರಿ, ಅರ್ಧದಷ್ಟು ತೈಲ ಖಾಲಿಯಾದಾಗ ಶಿಖರ ಮುಟ್ಟಿ, ಬಳಿಕ ಇಳಿಯುತ್ತದೆ ಎಂದು ಅವರು 1956ರಲ್ಲಿ ಪ್ರತಿಪಾದಿಸಿದರು. 1970ರ ಸುಮಾರಿಗೆ ಅಮೆರಿಕದ ಉತ್ಪಾದನೆ ಇಳಿಮುಖವಾದೀತು ಎಂಬ ಅವರ ಮಾತನ್ನು ಉದ್ಯಮ ಹಗುರವಾಗಿ ಕಂಡಿತು. ಅಮೆರಿಕದ ಉತ್ಪಾದನೆ ದಿನಕ್ಕೆ 96 ಲಕ್ಷ ಬ್ಯಾರೆಲ್ ಮುಟ್ಟಿ ಇಳಿಯತೊಡಗಿದ್ದು ಸರಿಯಾಗಿ 1970ರಲ್ಲೇ. ಮೂರೇ ವರ್ಷಕ್ಕೆ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿ, ಬ್ಯಾರೆಲ್‌ಗೆ 3 ಡಾಲರ್ ಇದ್ದ ದರವನ್ನು 12 ಡಾಲರ್ ಸಮೀಪಕ್ಕೆ ಏರಿಸಿದಾಗ ಅಮೆರಿಕದ ಬಳಿ ಅದನ್ನು ಎದುರಿಸುವ ಹೆಚ್ಚುವರಿ ತೈಲವಿರಲಿಲ್ಲ.

ಹಬರ್ಟ್ ಅವರ ಶಿಷ್ಯಪರಂಪರೆ ಈ ಶತಮಾನದ ಮೊದಲ ದಶಕದಲ್ಲಿ ಜಾಗತಿಕ ‘ತೈಲ ಶಿಖರ’ದ ಭವಿಷ್ಯ ನುಡಿಯಿತು. ಬ್ರಿಟನ್ನಿನ ಉತ್ತರ ಸಮುದ್ರದ ಉತ್ಪಾದನೆ 1999ರಲ್ಲೇ ಶಿಖರ ದಾಟಿತ್ತು. ಮೀನುಗಾರನೊಬ್ಬನ ಹೆಸರು ಹೊತ್ತ ಮೆಕ್ಸಿಕೊದ ಕಂತರೆಲ್ ಕ್ಷೇತ್ರ 2004ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ದಾಟಿ, ಬಳಿಕ ಕಲ್ಲು ಉರುಳಿದಂತೆ ಕುಸಿಯಿತು. 2008ರ ಜುಲೈನಲ್ಲಿ ದರ 147 ಡಾಲರ್ ತಲುಪಿದಾಗ ಭವಿಷ್ಯವಾಣಿ ನಿಜವಾದಂತೆಯೇ ತೋರಿತ್ತು. ಆದರೆ ಅದೇ ದುಬಾರಿ ದರ ಅಮೆರಿಕದ ಟೆಕ್ಸಾಸ್, ನಾರ್ತ್ ಡಕೋಟಗಳಲ್ಲಿ ಜೇಡಿಪದರದ ಕಲ್ಲನ್ನು ನೀರಿನ ಒತ್ತಡದಿಂದ ಸೀಳಿ ತೈಲ ತೆಗೆಯುವ ವಿಧಾನವನ್ನು ಲಾಭದಾಯಕವಾಗಿಸಿತು. 2008ರಲ್ಲಿ ದಿನಕ್ಕೆ 50 ಲಕ್ಷಕ್ಕೆ ಇಳಿದಿದ್ದ ಅಮೆರಿಕದ ಉತ್ಪಾದನೆ ಹತ್ತೇ ವರ್ಷಗಳಲ್ಲಿ ದುಪ್ಪಟ್ಟಾಯಿತು. ಶಿಖರವಾದಿಗಳು ನಗೆಪಾಟಲಿಗೀಡಾದರು.

ಈ ನಗೆಯೂ ಅವಸರದ್ದೇ. ಜೇಡಿಪದರದ ಬಾವಿಯೊಂದರ ಹರಿವು ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತದೆ. ಇದ್ದಲ್ಲೇ ಇರಬೇಕಾದರೂ ಸದಾ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಈ ಓಟ ಚೆನ್ನಾಗಿ ಗೊತ್ತು. ಕೊಳವೆಬಾವಿಯಲ್ಲಿ ನೀರು ಬಂದ ಮಾತ್ರಕ್ಕೆ ಅಂತರ್ಜಲ ಹೆಚ್ಚಿತೆಂದು ಅರ್ಥವಲ್ಲ. ಇನ್ನೂ ಆಳಕ್ಕೆ ಇಳಿಯಲು ನಮ್ಮಲ್ಲಿ ಹಣವಿತ್ತೆಂದಷ್ಟೇ ಅರ್ಥ. ಜಗತ್ತು ತೈಲದ ಕೊನೆಯನ್ನು ಕಂಡಿಲ್ಲ ನಿಜ. ಸುಲಭ ತೈಲದ ಕೊನೆಯನ್ನಂತೂ ಕಾಣುತ್ತಿದೆ.

ಯಾರ ಪಾಲೆಷ್ಟು?

ಇನ್ನು ಬಳಕೆಯ ಕಡೆಗೆ ತಿರುಗೋಣ. 2023ರ ಸುಮಾರಿಗೆ ಜಗತ್ತು ದಿನವೊಂದಕ್ಕೆ ಬಳಸುತ್ತಿದ್ದ ತೈಲ 10.2 ಕೋಟಿ ಬ್ಯಾರೆಲ್. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಜಗತ್ತಿನ ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ ದಿನಕ್ಕೆ ಎರಡು ಲೀಟರ್ ಬರುತ್ತದೆ. ಆದರೆ ದಿನಕ್ಕೆ 2 ಕೋಟಿ ಬ್ಯಾರೆಲ್ ಬಳಸುವ ಅಮೆರಿಕದಲ್ಲಿ ಒಬ್ಬನ ಪಾಲು ಒಂಬತ್ತೂವರೆ ಲೀಟರ್. ಚೀನಾದಲ್ಲಿ ಎರಡು ಲೀಟರ್‌ಗೆ ತುಸು ಕಡಿಮೆ. ಸುಮಾರು 54 ಲಕ್ಷ ಬ್ಯಾರೆಲ್ ಬಳಸುವ ಭಾರತದಲ್ಲಿ ತಲೆಗೆ ಅರ್ಧ ಲೀಟರ್‌ಗೆ ಸ್ವಲ್ಪ ಹೆಚ್ಚು, ಅಷ್ಟೆ. ಇದರಲ್ಲಿ ಲಾರಿಯ ಡೀಸೆಲ್, ಅಡುಗೆ ಅನಿಲ, ವಿಮಾನದ ಇಂಧನ, ರಸ್ತೆಯ ಡಾಂಬರು ಎಲ್ಲವೂ ಸೇರಿವೆ.

ಭಾರತ ಮತ್ತು ಚೀನಾದ ಹಸಿವಿನಿಂದಲೇ ತೈಲ ದುಬಾರಿಯಾಗುತ್ತಿದೆ ಎಂದು ಪಾಶ್ಚಾತ್ಯ ರಾಜಧಾನಿಗಳಲ್ಲಿ ಆಗಾಗ ಕೇಳಿಬರುವ ದೂರಿಗೆ ಈ ಅಂಕಿಗಳೇ ಉತ್ತರ. ಆದರೆ ಇದೇ ಅಂಕಿಗಳು ನಮಗೊಂದು ಎಚ್ಚರಿಕೆಯೂ ಹೌದು. ಪ್ರತಿ ಭಾರತೀಯನೂ ಚೀನೀಯನ ಮಟ್ಟಕ್ಕೆ ಏರಿದರೆ ನಮ್ಮ ಬೇಡಿಕೆ ಮೂರು ಪಟ್ಟಾಗುತ್ತದೆ. ಹೆಚ್ಚುವರಿಯಾಗಿ ಬೇಕಾಗುವುದು ದಿನಕ್ಕೆ ಸುಮಾರು ಒಂದು ಕೋಟಿ ಬ್ಯಾರೆಲ್. ಅಂದರೆ ಇನ್ನೊಂದು ಸೌದಿ ಅರೇಬಿಯ. ಅಮೆರಿಕದ ಮಟ್ಟವನ್ನು ಕನಸು ಕಾಣುವುದೂ ಬೇಡ. ಅವರು ನಡೆದ ದಾರಿಯಲ್ಲಿ ನಮಗೆ ಜಾಗವಿಲ್ಲ ಎಂಬುದು ನ್ಯಾಯದ ಮಾತಲ್ಲದಿರಬಹುದು, ಲೆಕ್ಕದ ಮಾತಂತೂ ಹೌದು.

ಅದಕ್ಕೆ ಹವಾಮಾನದ ಮಿತಿಯೂ ಸೇರಿದೆ. ಭೂಮಿಯ ತಾಪಮಾನದ ಏರಿಕೆಯನ್ನು 2 ಡಿಗ್ರಿಯೊಳಗೆ ಹಿಡಿದಿಡಬೇಕಾದರೆ ಈಗಿರುವ ತೈಲ ನಿಕ್ಷೇಪದ ಮೂರನೇ ಒಂದು ಭಾಗವನ್ನು 2050ರವರೆಗೆ ಮುಟ್ಟಬಾರದು ಎಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂದು ಜಗತ್ತಿನ ರಾಷ್ಟ್ರಗಳು ಮೊದಲ ಬಾರಿಗೆ ಬಾಯಿಬಿಟ್ಟು ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ, ದುಬೈ ಸಮ್ಮೇಳನದಲ್ಲಿ. ಆ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು ಅಬುಧಾಬಿಯ ಸರ್ಕಾರಿ ತೈಲ ಕಂಪೆನಿಯ ಮುಖ್ಯಸ್ಥರು! ತೈಲದ ಬೇಡಿಕೆ 2030ರೊಳಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದು 2023ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದರೆ, 2050ಕ್ಕೆ ಅದು ದಿನಕ್ಕೆ 12 ಕೋಟಿ ಬ್ಯಾರೆಲ್ ಆಗುತ್ತದೆ ಎಂದು ಮರುವರ್ಷ ಒಪೆಕ್ ಹೇಳಿತು. ಮಾರುವವನ ಭವಿಷ್ಯ ಒಂದು, ಕೊಳ್ಳುವವನ ಭವಿಷ್ಯ ಇನ್ನೊಂದು. ಈ ಎರಡರ ನಡುವೆ ಹೂಡಿಕೆ ಹಿಂಜರಿದರೆ ಆಗುವುದು ದರದ ಏರಿಳಿತವೇ ಹೊರತು ಸ್ಥಿರತೆಯಲ್ಲ.

ಏರಿಳಿತ ಎಷ್ಟು ವಿಪರೀತವಾಗಬಹುದೆಂಬುದಕ್ಕೆ ಕೊರೊನಾ ಕಾಲವೇ ಸಾಕ್ಷಿ. 2020ರ ಏಪ್ರಿಲ್ 20ರಂದು ಅಮೆರಿಕದ ಮುಂಗಡ ಪೇಟೆಯಲ್ಲಿ ಕಚ್ಚಾ ತೈಲದ ದರ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್‌ಗೆ ಇಳಿಯಿತು. ಸಂಗ್ರಹಿಸಲು ಜಾಗವಿಲ್ಲದೆ, ತೈಲ ಒಯ್ಯಿರಿ, ಹಣವನ್ನೂ ಕೊಡುತ್ತೇವೆ ಎನ್ನುವ ಸ್ಥಿತಿ. ಎರಡೇ ವರ್ಷಕ್ಕೆ, 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ನೆರಳಿನಲ್ಲಿ ಬ್ರೆಂಟ್ ದರ 139 ಡಾಲರ್ ಮುಟ್ಟಿತು. ಈ ಎರಡು ವರ್ಷಗಳಲ್ಲಿ ಭೂಮಿಯೊಳಗಿನ ತೈಲದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ.

ಪಾದೂರಿನ ಬಂಡೆಯಡಿ

ಇಂಥ ಜಗತ್ತಿನಲ್ಲಿ ಭಾರತ ಎಲ್ಲಿ ನಿಂತಿದೆ? 1974ರಲ್ಲಿ ಪತ್ತೆಯಾದ ಬಾಂಬೆ ಹೈ ನಮ್ಮ ಆಶೆಗಳನ್ನು ದಶಕಗಳ ಕಾಲ ಹೊತ್ತಿತ್ತು. ಅದೀಗ ಮುದಿಯಾಗಿದೆ. 2011–12ರಲ್ಲಿ 3.8 ಕೋಟಿ ಟನ್ ಇದ್ದ ದೇಶೀಯ ಕಚ್ಚಾ ತೈಲದ ಉತ್ಪಾದನೆ 2023–24ರಲ್ಲಿ 3 ಕೋಟಿ ಟನ್‌ಗಿಂತ ಕೆಳಗಿಳಿದಿತ್ತು. ಆ ವರ್ಷ ನಾವು ಆಮದು ಮಾಡಿಕೊಂಡ ಕಚ್ಚಾ ತೈಲ ಸುಮಾರು 23 ಕೋಟಿ ಟನ್, ತೆತ್ತ ಬೆಲೆ 13,000 ಕೋಟಿ ಡಾಲರ್‌ಗೂ ಅಧಿಕ. ಹತ್ತು ಲೀಟರ್‌ನಲ್ಲಿ ಎಂಟೂಮುಕ್ಕಾಲು ಲೀಟರ್ ಹೊರಗಿನದು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿ ತೈಲ ದರ ದುಪ್ಪಟ್ಟಾದಾಗ, ಮರುವರ್ಷ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ವಿದೇಶದಲ್ಲಿ ಒತ್ತೆಯಿಟ್ಟ ದಿನಗಳನ್ನು ನೆನಪಿಸಿಕೊಳ್ಳುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಂದಿನ ವಿದೇಶಿ ವಿನಿಮಯ ಸಂಗ್ರಹ ಅಂದಿನಂತೆ ದುರ್ಬಲವಲ್ಲ ನಿಜ. ಆದರೆ ಅಂದಿಗಿಂತ ಇಂದು ನಮ್ಮ ಆಮದಿನ ಅವಲಂಬನೆ ಎಷ್ಟೋ ಹೆಚ್ಚು.

ಅವಲಂಬನೆ ಬರೀ ಹಣದ್ದಲ್ಲ. ಇರಾನ್ ಮತ್ತು ಒಮಾನ್ ನಡುವಿನ ಹೊರ್ಮುಜ್ ಜಲಸಂಧಿ ಅತಿ ಕಿರಿದಾದ ಕಡೆ 40 ಕಿಲೊಮೀಟರ್‌ನಷ್ಟೂ ಅಗಲವಿಲ್ಲ. 2024ರಲ್ಲಿ ಜಗತ್ತಿನ ಬಳಕೆಯ ಐದನೇ ಒಂದು ಭಾಗದಷ್ಟು ತೈಲ ಸಾಗಿದ್ದು ಆ ಓಣಿಯ ಮೂಲಕ. ನಾವು ಆಮದು ಮಾಡಿಕೊಳ್ಳುವ ಅಡುಗೆ ಅನಿಲದ ಬಹುಪಾಲಿಗೂ ಅದೇ ದಾರಿ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರ ಒಂದು ಕಾಲದಲ್ಲಿ ಇರಾನ್ ತೈಲದ ದೊಡ್ಡ ಗಿರಾಕಿ. ಅಮೆರಿಕದ ದಿಗ್ಬಂಧನದಿಂದಾಗಿ 2019ರ ಮೇ ತಿಂಗಳಲ್ಲಿ ಭಾರತ ಆ ಖರೀದಿಯನ್ನೇ ನಿಲ್ಲಿಸಬೇಕಾಯಿತು. 2022ರ ಬಳಿಕ ರಷ್ಯಾ ರಿಯಾಯಿತಿಯಲ್ಲಿ ಕೊಟ್ಟ ತೈಲ ನಮ್ಮ ಆಮದಿನ ಮೂರನೇ ಒಂದು ಪಾಲನ್ನು ಮೀರಿತು. ಅದೇ ಕಾರಣಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇ 25ರ ಹೆಚ್ಚುವರಿ ಸುಂಕ ಹೇರಿತು. ತೈಲ ಯಾರಿಂದ ಕೊಳ್ಳಬೇಕೆಂಬ ನಿರ್ಧಾರವೂ ಪೂರ್ತಿ ನಮ್ಮದಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆಪತ್ಕಾಲಕ್ಕೆ ನಮ್ಮ ಕೈಯಲ್ಲಿರುವುದೇನು? ಇಲ್ಲಿ ಕನ್ನಡನಾಡಿಗೆ ನೇರ ಸಂಬಂಧವಿದೆ. ದೇಶದ ತುರ್ತು ತೈಲ ಸಂಗ್ರಹಕ್ಕಾಗಿ ಬಂಡೆ ಕೊರೆದು ನಿರ್ಮಿಸಿದ ಮೊದಲ ಹಂತದ ಗುಹೆಗಳ ಒಟ್ಟು ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ ವಿಶಾಖಪಟ್ಟಣದ 13.3 ಲಕ್ಷ ಟನ್ ಬಿಟ್ಟರೆ ಉಳಿದ 40 ಲಕ್ಷ ಟನ್ ಇರುವುದು ನಮ್ಮ ಕರಾವಳಿಯಲ್ಲಿ: ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಅಂತರ್ಜಲದ ಒತ್ತಡವೇ ತೈಲ ಸೋರದಂತೆ ತಡೆಯುವ ಈ ಗುಹೆಗಳು ಎಂಜಿನಿಯರಿಂಗ್ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ಪೂರ್ತಿ ತುಂಬಿದ್ದರೂ ದೇಶಕ್ಕೆ ಬರುವುದು ಸರ್ಕಾರದ್ದೇ ಲೆಕ್ಕದಂತೆ ಒಂಬತ್ತೂವರೆ ದಿನ. ತೈಲ ಕಂಪೆನಿಗಳ ಟ್ಯಾಂಕುಗಳಲ್ಲಿರುವುದನ್ನೂ ಸೇರಿಸಿದರೆ ಎಪ್ಪತ್ತು ಚಿಲ್ಲರೆ ದಿನ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ರಾಷ್ಟ್ರಗಳಿಗೆ ವಿಧಿಸಿರುವ ಕನಿಷ್ಠ ಮಿತಿ 90 ದಿನ.

ಪಾದೂರು ಮತ್ತು ಒಡಿಶಾದ ಚಂಡಿಖೋಲ್‌ನಲ್ಲಿ ಇನ್ನೂ 65 ಲಕ್ಷ ಟನ್ ಸಾಮರ್ಥ್ಯದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ ತಾತ್ವಿಕ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಖಾಸಗಿ ಸಹಭಾಗಿತ್ವದ ರೂಪದಲ್ಲಿ ಅನುಮೋದಿಸಿದ್ದು 2021ರಲ್ಲಿ. ನಡುವಿನ ಆ ಮೂರು ವರ್ಷಗಳಲ್ಲೇ ತೈಲ ನೀರಿಗಿಂತ ಅಗ್ಗವಾದ 2020 ಬಂದು ಹೋಯಿತು. ಆ ವರ್ಷ ಬ್ಯಾರೆಲ್‌ಗೆ ಸುಮಾರು 19 ಡಾಲರ್ ದರದಲ್ಲಿ ಗುಹೆಗಳನ್ನು ತುಂಬಿಸಿ 5,000 ಕೋಟಿ ರೂಪಾಯಿ ಉಳಿಸಿದೆವೆಂದು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಹೆಮ್ಮೆ ಸಹಜವೇ. ಆದರೆ ಗುಹೆಗಳು ಎರಡು ಪಟ್ಟಿದ್ದಿದ್ದರೆ ಉಳಿತಾಯವೂ ಎಷ್ಟು ಹಿಗ್ಗುತ್ತಿತ್ತೆಂಬ ಪ್ರಶ್ನೆ ಉಳಿಯುತ್ತದೆ. ತೈಲ ಯೋಜನೆಗಳಿಗಾಗಿ ಒಮ್ಮೆಯಲ್ಲ, ಮತ್ತೆ ಮತ್ತೆ ಗದ್ದೆ ತೋಟ ಬಿಟ್ಟುಕೊಟ್ಟಿರುವ ಕರಾವಳಿಯ ಜನರಿಗೆ ನ್ಯಾಯವಾದ ಪರಿಹಾರವನ್ನೂ, ಬಾವಿನೀರಿನ ಸುರಕ್ಷತೆಯ ಭರವಸೆಯನ್ನೂ ಮೊದಲೇ ಕೊಟ್ಟರೆ ಕೆಲಸವೂ ಚುರುಕಾಗುತ್ತದೆ. ಅವರನ್ನು ಅಭಿವೃದ್ಧಿಯ ಅಡ್ಡಗಾಲುಗಳೆಂದು ಜರೆಯುವುದರಿಂದ ಒಂದು ಬ್ಯಾರೆಲ್ ತೈಲವೂ ಹೆಚ್ಚಾಗುವುದಿಲ್ಲ.

ಬಂಕಿನ ಬಿಲ್ಲಿನಲ್ಲಿ

ಅಗ್ಗದ ತೈಲದ ವರ್ಷಗಳನ್ನು ನಾವು ಬೇರೆ ಯಾವುದಕ್ಕೆ ಬಳಸಿಕೊಂಡೆವು? 2020ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಎರಡು ಬಾರಿ ಏರಿಸಿ ಪೆಟ್ರೋಲ್ ಮೇಲಿನ ಕೇಂದ್ರ ಸುಂಕವನ್ನು ಲೀಟರ್‌ಗೆ 32.98 ರೂಪಾಯಿಗೂ ಡೀಸೆಲ್ ಮೇಲಿನದನ್ನು 31.83 ರೂಪಾಯಿಗೂ ಒಯ್ಯಲಾಯಿತು. ದರ ಇಳಿದಾಗ ಲಾಭ ಬೊಕ್ಕಸಕ್ಕೆ, ಏರಿದಾಗ ಭಾರ ಗ್ರಾಹಕನಿಗೆ ಎಂಬಂತಾಗಿ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. ಸುಂಕದಲ್ಲಿ ಕಡಿತವಾದದ್ದು 2021ರ ನವೆಂಬರ್ ಮತ್ತು 2022ರ ಮೇನಲ್ಲಿ. ಇದಕ್ಕೆ ಮುಂಚಿನ ಸರ್ಕಾರ ಮಾಡಿದ್ದೂ ಜಾಣತನವೇನಲ್ಲ. ದರವನ್ನು ಕೃತಕವಾಗಿ ಹಿಡಿದಿಟ್ಟು, ನಷ್ಟವನ್ನು ಸುಮಾರು 1.4 ಲಕ್ಷ ಕೋಟಿ ರೂಪಾಯಿಯ ತೈಲ ಬಾಂಡುಗಳಾಗಿ ಮುಂದಿನ ತಲೆಮಾರಿಗೆ ದಾಟಿಸಿತು. ರಾಜ್ಯ ಸರ್ಕಾರಗಳೂ ಹೊರತಲ್ಲ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡರ ಮಾರಾಟ ತೆರಿಗೆಯನ್ನು ಹೆಚ್ಚಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಸರದಿ ಮತ್ತೆ ಬಂತು.

ಆಮದು ತೈಲದ ಬಳಕೆಗೆ ತೆರಿಗೆ ಹಾಕುವುದೇ ತಪ್ಪೆಂದು ಈ ಲೇಖನ ವಾದಿಸುವುದಿಲ್ಲ. ಬಳಕೆಗೆ ಕಡಿವಾಣ ಹಾಕಲು ತೆರಿಗೆ ಅಗತ್ಯ. ಆಕ್ಷೇಪವಿರುವುದು ಆ ಹಣ ಎಲ್ಲಿ ಹೋಗುತ್ತಿದೆ ಎಂಬುದರ ಬಗ್ಗೆ. ಸ್ಕೂಟರ್ ಸವಾರನಿಂದ ಪಡೆದ ತೆರಿಗೆ ಅವನನ್ನು ಸ್ಕೂಟರ್‌ನಿಂದ ಇಳಿಸಿ ಬಸ್ಸಿಗೋ ರೈಲಿಗೋ ಹತ್ತಿಸುವ ವ್ಯವಸ್ಥೆಗೆ ಸಲ್ಲಬೇಕು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಕೋಟಿ ದಾಟಿದೆ. 2011ರ ಅಕ್ಟೋಬರ್‌ನಲ್ಲಿ ಆರಂಭವಾದ ಮೆಟ್ರೊ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ಮುಟ್ಟಿದ್ದು ಸುಮಾರು 96 ಕಿಲೊಮೀಟರ್. ಅದೇ ವರ್ಷದ ಫೆಬ್ರುವರಿಯಲ್ಲಿ ಮೆಟ್ರೊ ದರ ತೀವ್ರವಾಗಿ ಏರಿ ಎಷ್ಟೋ ಜನ ಮತ್ತೆ ಬೈಕಿನತ್ತ ಮುಖ ಮಾಡಿದರು. ಸಾರ್ವಜನಿಕ ಸಾರಿಗೆಯ ದರ ಏರಿಸಿ ತೈಲದ ಆಮದು ಇಳಿಸುತ್ತೇವೆಂಬ ನೀತಿ ತನ್ನನ್ನು ತಾನೇ ಅಣಕಿಸಿಕೊಳ್ಳುವ ನೀತಿ.

ಎಥೆನಾಲ್ ಮಿಶ್ರಣವನ್ನು ಪರಿಹಾರವೆಂದು ಬಿಂಬಿಸಲಾಗುತ್ತಿದೆ. 2030ಕ್ಕೆ ಮುಟ್ಟಬೇಕಿದ್ದ ಶೇ 20ರ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಆದರೆ ಒಂದು ಲೀಟರ್ ಕಬ್ಬಿನ ಎಥೆನಾಲ್‌ಗೆ ಸಾವಿರಾರು ಲೀಟರ್ ನೀರು ಬೇಕು. ಕೃಷ್ಣಾ, ಕಾವೇರಿ ನೀರಿಗಾಗಿ ನ್ಯಾಯಮಂಡಳಿಗಳ ಮೆಟ್ಟಿಲು ಹತ್ತಿಳಿಯುವ ರಾಜ್ಯ, ಅದೇ ನೀರನ್ನು ಪೆಟ್ರೋಲಿಗೆ ಬೆರೆಸುವುದರ ಲಾಭನಷ್ಟವನ್ನು ಶಾಂತವಾಗಿ ತೂಗಬೇಕಲ್ಲವೆ? ವಿದ್ಯುತ್ ವಾಹನಗಳ ದಾರಿ ಇದಕ್ಕಿಂತ ಭರವಸೆಯದು. 2017ರಲ್ಲಿ ಅದಕ್ಕಾಗಿ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕವೇ. ಆದರೆ ನಮ್ಮ ತೈಲ ಬಳಕೆಯಲ್ಲಿ ಸುಮಾರು ಶೇ 40 ಡೀಸೆಲ್. ಅದರ ದೊಡ್ಡ ಪಾಲು ಸರಕು ಸಾಗಣೆಗೆ ಹೋಗುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸರಕು ರೈಲಿನಲ್ಲಿ ಹೋಗುತ್ತಿತ್ತು. ಇಂದು ಮೂರನೇ ಒಂದು ಪಾಲೂ ಇಲ್ಲ. ಹೊಸ ಬ್ಯಾಟರಿ ಕಾರಿನ ಜಾಹೀರಾತಿಗೆ ಸಿಗುವ ಗಮನದ ಹತ್ತನೇ ಒಂದು ಭಾಗ ಗೂಡ್ಸ್ ರೈಲಿಗೆ ಸಿಕ್ಕಿದ್ದರೂ ನಮ್ಮ ಆಮದಿನ ಚಿತ್ರ ಬದಲಾಗುತ್ತಿತ್ತು.

ಸರಿಯಾದ ಪ್ರಶ್ನೆ

ಮಾಡಬೇಕಾದ ಕೆಲಸಗಳು ಗೂಢವೇನಲ್ಲ. ಮೊದಲನೆಯದು, 90 ದಿನಗಳ ಸಂಗ್ರಹವನ್ನು ಕಾಲಮಿತಿಯೊಳಗೆ ಕಟ್ಟುವುದು. ಗುಹೆಗಳಲ್ಲಿ ಎಷ್ಟು ತೈಲವಿದೆ ಎಂಬುದನ್ನು ಅಮೆರಿಕ ವಾರವಾರವೂ ಪ್ರಕಟಿಸುವಂತೆ ಇಲ್ಲಿಯೂ ನಿಯತವಾಗಿ ಪ್ರಕಟಿಸುವುದು. ಎರಡನೆಯದು, ಕಚ್ಚಾ ತೈಲ ಅಗ್ಗವಾದ ವರ್ಷಗಳಲ್ಲಿ ಸಂಗ್ರಹಿಸಿದ ಹೆಚ್ಚುವರಿ ಸುಂಕವನ್ನು ಪ್ರತ್ಯೇಕ ನಿಧಿಯಲ್ಲಿಟ್ಟು, ಬಸ್ಸು ರೈಲುಗಳಿಗೂ ದುಬಾರಿ ವರ್ಷಗಳ ಆಘಾತ ತಗ್ಗಿಸಲಿಕ್ಕೂ ಮಾತ್ರ ಬಳಸುವುದು. ಮೂರನೆಯದು, ಸರಕನ್ನು ರಸ್ತೆಯಿಂದ ಹಳಿಗೆ ಮರಳಿಸುವುದು. ಇವಾವುದಕ್ಕೂ ಹೊಸ ತೈಲಬಾವಿಯ ಶೋಧ ಬೇಕಿಲ್ಲ. ಬೇಕಿರುವುದು ಐದು ವರ್ಷದ ಚುನಾವಣೆಯಾಚೆ ನೋಡುವ ದೃಷ್ಟಿ.

ಜಗತ್ತಿನ ತೈಲ ಇನ್ನು 50 ವರ್ಷ ಬರಬಹುದು, 80 ವರ್ಷವೂ ಬರಬಹುದು. ಕೊನೆಯ ಬ್ಯಾರೆಲ್ ಯಾರಿಗೂ ಬೇಡವಾಗಿ ನೆಲದಡಿಯೇ ಉಳಿದುಬಿಡಲೂಬಹುದು. ಅದರ ನಿರ್ಣಯ ರಿಯಾದ್, ಹ್ಯೂಸ್ಟನ್, ಮಾಸ್ಕೊ, ಬೀಜಿಂಗ್‌ಗಳಲ್ಲಿ ಆಗುತ್ತದೆ. ನಮ್ಮ ಮಾತಿಗೆ ಅಲ್ಲಿ ತೂಕ ಕಡಿಮೆ. ನಮ್ಮ ಕೈಯಲ್ಲಿರುವ ಪ್ರಶ್ನೆಗಳು ಬೇರೆ. ನಾಳೆ ಸಮುದ್ರದ ಓಣಿಯೊಂದು ಮುಚ್ಚಿದರೆ ನಾವು ಎಷ್ಟು ದಿನ ತಡೆದುಕೊಳ್ಳಬಲ್ಲೆವು? ಬದುಕಿನ ಮಟ್ಟ ಕುಗ್ಗದಂತೆ ದಿನಕ್ಕೆ ಎಷ್ಟು ಲೀಟರ್ ಕಡಿಮೆ ಸುಡಬಲ್ಲೆವು? ವರ್ಷಗಳ ಲೆಕ್ಕವನ್ನು ಭೂವಿಜ್ಞಾನಿಗಳಿಗೆ ಬಿಟ್ಟು, ಈ ದಿನಗಳ ಮತ್ತು ಲೀಟರುಗಳ ಲೆಕ್ಕವನ್ನು ನಮ್ಮ ಸರ್ಕಾರಗಳಿಂದ ಕೇಳುವ ಕಾಲ ಬಂದಿದೆ.